ವೇಗದ ಕಾರುಗಳ ಸ್ಥಿರತಾ ಸಾಧನ : ಅದರ ಮೇರೆಗಳು

ಇತಿಹಾಸದ ಅಧ್ಯಾಪಕನೊಬ್ಬನು ಸ್ಪೋರ್ಟ್ಸ್ ಕಾರುಗಳ ವಿಚಾರವನ್ನೆತ್ತಿಕೊಳ್ಳುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಯಂತ್ರವೊಂದಕ್ಕೆ ಇಟ್ಟ ಹೆಸರು ಜನರ ನಡತೆಯನ್ನು ತಿದ್ದುವುದೂ ಕೆಡಿಸುವುದೂ ಚರಿತ್ರೆಗೆ ಸೇರಿದ ಸಂಗತಿಯೇ. ಟ್ರ್ಯಾಕ್ಷನ್ ಕಂಟ್ರೋಲ್, ಸ್ಟೆಬಿಲಿಟಿ ಕಂಟ್ರೋಲ್ ಎಂಬ ಎರಡು ವಿದ್ಯುನ್ಮಾನ ಸಾಧನಗಳನ್ನು ಕನ್ನಡದಲ್ಲಿ ಎಳೆತ ನಿಯಂತ್ರಣ, ಸ್ಥಿರತಾ ನಿಯಂತ್ರಣ ಎಂದು ಕರೆಯುವುದುಂಟು. ಈ ‘ನಿಯಂತ್ರಣ’ವೆಂಬ ಮಾತು ಆ ಸಾಧನಗಳಿಗೆ ಸಲ್ಲದು, ಸಲ್ಲದ ಹೆಸರಿನಿಂದ ಅಪಾಯವೂ ಹುಟ್ಟುತ್ತದೆ ಎಂಬುದೇ ಈ ಲೇಖನದ ವಾದ.

ಮೊದಲು ಸಾಧನದ ಕ್ರಮವನ್ನು ತಿಳಿಯಬೇಕು. ಸ್ಟಿಯರಿಂಗು ಎಷ್ಟು ತಿರುಗಿದೆ, ಪ್ರತಿಯೊಂದು ಗಾಲಿಯೂ ಯಾವ ವೇಗದಲ್ಲಿ ಉರುಳುತ್ತಿದೆ, ಕಾರಿನ ಮೈ ತನ್ನ ನಡುವಿನ ಸುತ್ತ ಎಷ್ಟು ಬೇಗ ಹೊರಳುತ್ತಿದೆ ಎಂಬುದನ್ನು ಅದು ಕ್ಷಣಕ್ಷಣಕ್ಕೂ ಅಳೆಯುತ್ತದೆ. ಚಾಲಕನು ಬಯಸಿದ ದಾರಿಗೂ ಕಾರು ಹಿಡಿದ ದಾರಿಗೂ ಅಂತರ ಕಂಡಿತೆಂದರೆ ಯಾವುದಾದರೂ ಒಂದು ಗಾಲಿಗೆ ಮಾತ್ರ ಬ್ರೇಕು ಹಾಕುತ್ತದೆ. ಮುಂದಿನ ಗಾಲಿಗಳು ತಿರುವಿನ ಹೊರಗೆ ಜಾರಿದರೆ ಸಾಮಾನ್ಯವಾಗಿ ಒಳಮಗ್ಗುಲಿನ ಹಿಂದಿನ ಗಾಲಿಗೆ. ಹಿಂಭಾಗವೇ ಹೊರಕ್ಕೆ ಬೀಸಿದರೆ ಹೊರಮಗ್ಗುಲಿನ ಮುಂದಿನ ಗಾಲಿಗೆ. ಒಂದು ಗಾಲಿ ತಡೆಯಲ್ಪಟ್ಟಾಗ ಮೈ ಆ ಕಡೆಗೆ ತಿರುಗುತ್ತದೆ. ಜೊತೆಗೆ ಎಂಜಿನ್ನಿನ ಬಲವನ್ನೂ ತಗ್ಗಿಸುತ್ತದೆ. ಎಳೆತದ ಸಾಧನವಾದರೋ ವೇಗ ಹೆಚ್ಚಿಸುವಾಗ ಗಾಲಿ ನಿಂತಲ್ಲೇ ಗಿರ್ರನೆ ಸುತ್ತದಂತೆ ನೋಡಿಕೊಳ್ಳುವುದು, ಅಷ್ಟೆ.

ಇದರಲ್ಲಿ ಹೊಸದೇನು? ಚೈತ್ರದಲ್ಲಿ ಹಂಪಿಯ ತೇರು ನೋಡಿದವರು ಇದೇ ಕ್ರಿಯೆಯನ್ನು ಕಣ್ಣಾರೆ ಕಂಡಿದ್ದಾರೆ. ವಿರೂಪಾಕ್ಷನ ತೇರಿಗೆ ಸ್ಟಿಯರಿಂಗೂ ಇಲ್ಲ, ಬ್ರೇಕೂ ಇಲ್ಲ. ಸಾವಿರಾರು ಜನ ಮಿಣಿ ಹಿಡಿದು ಎಳೆಯುವಾಗ ಗಾಲಿಯ ಮಗ್ಗುಲಲ್ಲಿ ಕೆಲವರು ಮರದ ತುಂಡುಗಳನ್ನು ಹಿಡಿದು ಬಗ್ಗಿ ನಡೆಯುತ್ತಾರೆ. ತೇರು ಎಡಕ್ಕೆ ಹೊರಳಬೇಕಾದರೆ ಎಡಗಾಲಿಗೆ, ಬಲಕ್ಕೆ ಬರಬೇಕಾದರೆ ಬಲಗಾಲಿಗೆ ಸನ್ನೆ ಕೊಡುತ್ತಾರೆ. ತಡೆದ ಗಾಲಿಯ ಕಡೆಗೆ ತೇರಿನ ಮೈ ತಿರುಗುತ್ತದೆ. ಜರ್ಮನಿಯ ಬಾಷ್ ಸಂಸ್ಥೆಯ ಸಾಧನವು 1995ರಲ್ಲಿ ಮರ್ಸಿಡಿಸ್-ಬೆಂಜ್ ಕಾರಿನಲ್ಲಿ ಮಾರಾಟಕ್ಕೆ ಬಂದಾಗ ಅದು ಮಾಡಿದ್ದೂ ಇಷ್ಟೇ. ಕೈಗಿಂತ ಬಹು ಶೀಘ್ರವಾಗಿ, ಕಾಲನ್ನು ಗಾಲಿಯಡಿಗೆ ಒಡ್ಡುವ ಅಪಾಯವಿಲ್ಲದೆ ಮಾಡಿತೆಂಬುದೇ ವಿಶೇಷ.

ಹೋಲಿಕೆಯನ್ನು ಚಮತ್ಕಾರಕ್ಕಾಗಿ ತಂದುದಲ್ಲ. ಸನ್ನೆಯವನಿಗೆ ಒಂದು ಸತ್ಯ ಚೆನ್ನಾಗಿ ಗೊತ್ತು. ಮರದ ತುಂಡು ನೆಲವನ್ನು ಕಚ್ಚಿ ನಿಂತರೆ ತೇರು ಮಾತು ಕೇಳುತ್ತದೆ. ನೆಲ ಕೆಸರಾಗಿದ್ದರೆ ತುಂಡೂ ಜಾರುತ್ತದೆ, ತೇರೂ ಜಾರುತ್ತದೆ. ಅವನು ತೇರನ್ನು ಆಳುತ್ತಿಲ್ಲ. ನೆಲದ ಹಿಡಿತವನ್ನು ಬೇಡಿ ಪಡೆದು ಒಂದು ಗಾಲಿಗೆ ವರ್ಗಾಯಿಸುತ್ತಿದ್ದಾನೆ. ತೇರಿನ ಮೈಯಲ್ಲೇ ಊನ ಬಂದರಂತೂ ಅವನೇನೂ ಮಾಡಲಾರ. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ಗುರುಬಸವೇಶ್ವರ ಸ್ವಾಮಿಯ ತೇರು ಅಚ್ಚು ಮುರಿದು ಉರುಳಿದುದನ್ನು ಈ ಸೀಮೆಯವರು ಮರೆತಿಲ್ಲ. (ಪೂರ್ಣ ಸ್ಥಿರತೆಯುಳ್ಳ ರಥ ನಮ್ಮಲ್ಲಿ ಒಂದೇ ಇದೆ. ಅದು ವಿಠ್ಠಲ ದೇವಾಲಯದ ಅಂಗಳದ ಕಲ್ಲಿನದು. ನಿಜಕ್ಕೆ ಗರುಡನ ಗುಡಿ, ಕದಲುವುದಿಲ್ಲ.)

ಈಗ ಲೆಕ್ಕವನ್ನು ನೋಡೋಣ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ಗುಡ್ಡದ ದಾರಿಯಲ್ಲಿ 50 ಮೀಟರು ತ್ರಿಜ್ಯದ ತಿರುವೊಂದಿದೆಯೆಂದು ಇಟ್ಟುಕೊಳ್ಳೋಣ. ಒಣಗಿದ ಒಳ್ಳೆಯ ಡಾಂಬರಿನ ಮೇಲೆ ಘರ್ಷಣೆಯ ಗುಣಾಂಕ 0.8 ಇದ್ದರೆ ಆ ತಿರುವನ್ನು ಗಂಟೆಗೆ ಸುಮಾರು 71 ಕಿಲೋಮೀಟರು ವೇಗದಲ್ಲಿ ದಾಟಬಹುದು. ಗುಣಾಂಕ 0.4ಕ್ಕೆ ಇಳಿದರೆ ಮೇರೆ ಸುಮಾರು 50. ಅದೇ ತಿರುವಿಗೆ 100ರ ವೇಗದಲ್ಲಿ ನುಗ್ಗುವವನಿಗೆ ಬೇಕಾದ ಪಾರ್ಶ್ವಬಲ ಕಾರಿನ ತೂಕದ ಒಂದೂವರೆ ಪಾಲಿಗೂ ಹೆಚ್ಚು. ಬೀದಿಯ ಟೈರು ಅದನ್ನು ಒಣನೆಲದಲ್ಲಿಯೂ ಕೊಡಲಾರದು. ಈ ಲೆಕ್ಕದಲ್ಲಿ ಎಂಜಿನ್ನಿನ ಅಶ್ವಶಕ್ತಿಗೆ ಸ್ಥಾನವಿಲ್ಲ, ಸಾಧನಕ್ಕೂ ಇಲ್ಲ. ಟೈರಿಗೆ ದೊರೆಯುವ ಒಟ್ಟು ಹಿಡಿತ ಒಂದು ಗಂಟು ಇದ್ದಂತೆ. ತಿರುಗಲು ಎಷ್ಟು ಖರ್ಚಾಯಿತೋ ಅದಕ್ಕೆ ತಕ್ಕಂತೆ ನಿಲ್ಲಿಸಲು ಉಳಿಯುವುದು ಕಡಮೆಯಾಗುತ್ತದೆ. ಸಾಧನವು ಗಂಟನ್ನು ಹಂಚುತ್ತದೆ, ತುಂಬುವುದಿಲ್ಲ.

ಇಷ್ಟರಿಂದ ಸಾಧನವೇ ವ್ಯರ್ಥವೆಂದರೆ ಅದು ಇನ್ನೊಂದು ತಪ್ಪಾದೀತು. ಒಂಟಿ ವಾಹನದ ಅಪಘಾತಗಳು ಇದರಿಂದ ಸಾಮಾನ್ಯ ಕಾರುಗಳಲ್ಲಿ ನೂರಕ್ಕೆ 34, ಎತ್ತರದ ಜೀಪು ಮಾದರಿಯ ವಾಹನಗಳಲ್ಲಿ ನೂರಕ್ಕೆ 59ರಷ್ಟು ತಗ್ಗುವುವೆಂದು ಅಮೆರಿಕದ ಹೆದ್ದಾರಿ ಸುರಕ್ಷತೆಯ ಇಲಾಖೆ 2007ರಲ್ಲಿ ಅಂದಾಜು ಮಾಡಿತು. ಅಲ್ಲಿ 2012ರ ಮಾದರಿಗಳಿಂದಲೂ, ಯೂರೋಪಿನಲ್ಲಿ 2014ರ ನವೆಂಬರಿನಿಂದಲೂ ಹೊಸ ಕಾರುಗಳಿಗೆ ಇದು ಕಡ್ಡಾಯವಾಯಿತು. ಗಾಬರಿಯಲ್ಲಿ ಸ್ಟಿಯರಿಂಗನ್ನು ಕಿತ್ತೆಳೆಯುವ ಸಾಮಾನ್ಯ ಚಾಲಕನಿಗೆ ಇದು ಪ್ರಾಣಮಿತ್ರ. ಆದರೆ ಮೇರೆಯನ್ನು ಅರಸಿಕೊಂಡೇ ಹೋಗುವವನ ಕೈಗೆ ಸ್ಪೋರ್ಟ್ಸ್ ಕಾರು ಬಂದಾಗ ಪ್ರಶ್ನೆ ಬೇರೆಯಾಗುತ್ತದೆ.

ಎರಡು ಘಟನೆಗಳನ್ನು ಇಲ್ಲಿ ಪರಿಶೀಲಿಸಬಹುದು. 1997ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು ಮರ್ಸಿಡಿಸ್ಸಿನ ಎ-ಕ್ಲಾಸ್ ಕಾರನ್ನು ಹಠಾತ್ತನೆ ಪಕ್ಕಕ್ಕೆ ಹೊರಳಿಸಿ ಪರೀಕ್ಷಿಸಿದಾಗ ಅದು ಮಗುಚಿತು. ತಯಾರಕರು ಆ ಮೇಲೆ ಎಲ್ಲ ಎ-ಕ್ಲಾಸ್ ಕಾರುಗಳಿಗೂ ಸ್ಥಿರತಾ ಸಾಧನವನ್ನು ಹಾಕಿದರು. ಈ ಕಥೆಯನ್ನು ಹೇಳುವವರು ಸಾಧನವೇ ಕಾರನ್ನು ಉಳಿಸಿತೆಂದು ಮುಗಿಸಿಬಿಡುತ್ತಾರೆ. ಅದೇ ವೇಳೆಯಲ್ಲಿ ಸಸ್ಪೆನ್ಷನ್ನನ್ನು ತಿದ್ದಿದರು, ಟೈರುಗಳನ್ನು ಬದಲಾಯಿಸಿದರು ಎಂಬ ಅರ್ಧಭಾಗ ಬಿಟ್ಟುಹೋಗುತ್ತದೆ. ಶಾಸನದ ಒಂದು ಮುಖವನ್ನಷ್ಟೇ ಓದಿ ರಾಜವಂಶವನ್ನು ನಿರ್ಣಯಿಸಿದಂತಾಯಿತು!

ಎರಡನೆಯದು ಇನ್ನೂ ತೊಡಕಿನದು. 2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯದಲ್ಲಿ ನಟ ಪಾಲ್ ವಾಕರ್ ಕುಳಿತಿದ್ದ ಪೋರ್ಷೆ ಕರೇರಾ ಜಿಟಿ ಕಾರು ಅಪಘಾತಕ್ಕೀಡಾಗಿ ಅವರೂ ಚಾಲಕರೂ ತೀರಿಕೊಂಡರು. ಆ ಮಾದರಿಯಲ್ಲಿ ಎಳೆತದ ಸಾಧನವಿತ್ತು, ಸ್ಥಿರತೆಯದು ಇರಲಿಲ್ಲ. ಅದಿಲ್ಲದುದೇ ದೋಷವೆಂದು ಬಳಿಕ ನ್ಯಾಯಾಲಯದಲ್ಲಿ ವಾದ ನಡೆಯಿತು. ತನಿಖೆಯವರು ಕಂಡುದು ಗಂಟೆಗೆ ಸುಮಾರು 72 ಕಿಲೋಮೀಟರು ಮಿತಿಯ ರಸ್ತೆಯಲ್ಲಿ ಸುಮಾರು 130ರಿಂದ 150ರ ವೇಗ, ಮತ್ತು ಒಂಬತ್ತು ವರ್ಷ ಹಳೆಯ ಟೈರುಗಳು. ಸಾಧನವಿದ್ದಿದ್ದರೆ ಬದುಕುತ್ತಿದ್ದರೇ ಎಂಬುದಕ್ಕೆ ದೃಢವಾದ ಉತ್ತರ ಸಾಧ್ಯವಿಲ್ಲ. ಸಾಧನವು ಕೆಲಸ ಮಾಡಬೇಕಾಗಿದ್ದುದು ಆ ಗಟ್ಟಿಯಾದ ಹಳೆಯ ರಬ್ಬರಿನ ಮೂಲಕವೇ ಎಂಬುದಂತೂ ನಿಶ್ಚಯ. ವಾದಿಗಳಿಗಾಗಲಿ ಪ್ರತಿವಾದಿಗಳಿಗಾಗಲಿ ಈ ಮಾತು ಪೂರ್ತಿ ಹಿತವಲ್ಲ.

ಭರವಸೆ ಚಾಲಕನನ್ನು ಕೆಡಿಸುವ ಬಗೆಗೂ ಸಾಕ್ಷ್ಯವಿದೆ. 1980ರ ದಶಕದಲ್ಲಿ ಮ್ಯೂನಿಕ್ ನಗರದ ಕೆಲವು ಟ್ಯಾಕ್ಸಿಗಳಿಗೆ ಗಾಲಿ ಸಿಕ್ಕಿಬೀಳದಂತೆ ತಡೆಯುವ ಬ್ರೇಕನ್ನು ಹಾಕಿ, ಕೆಲವಕ್ಕೆ ಹಾಕದೆ ಹೋಲಿಸಿ ನೋಡಿದರು. ಹೊಸ ಬ್ರೇಕಿನ ಟ್ಯಾಕ್ಸಿಗಳಲ್ಲಿ ಅಪಘಾತಗಳು ಕಡಮೆಯಾಗಲಿಲ್ಲ. ಅವರು ಹೆಚ್ಚು ಬಿರುಸಾಗಿ ಓಡಿಸತೊಡಗಿದ್ದರು. ಫಾರ್ಮುಲಾ ಒನ್ ಪಂದ್ಯಗಳವರು ಎಳೆತದ ಸಾಧನವನ್ನು 1994ರಲ್ಲಿ ನಿಷೇಧಿಸಿ, 2001ರಲ್ಲಿ ಬಿಟ್ಟು, 2008ರಲ್ಲಿ ಮತ್ತೆ ನಿಷೇಧಿಸಿದುದು ಚಾಲಕನ ಕೌಶಲದ ನ್ಯಾಯಕ್ಕಾಗಿ. ನಮ್ಮ ವಿಷಯಕ್ಕೆ ಅದು ಹೆಚ್ಚು ನೆರವಾಗದು.

ನಮ್ಮ ಸೀಮೆಯ ರಸ್ತೆಗಳಿಗೆ ಬರೋಣ. ಈ ಶತಮಾನದ ಮೊದಲ ದಶಕದಲ್ಲಿ ಅದಿರಿನ ಹಣ ಹರಿದಾಗ ಬಳ್ಳಾರಿ, ಹೊಸಪೇಟೆಗಳಿಗೆ ವಿದೇಶದ ವೇಗದ ಕಾರುಗಳು ಬಂದವು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಮುಂದೆ ಷರತ್ತುಗಳೊಡನೆ ಅದು ಮತ್ತೆ ಮೊದಲಾಯಿತು. ಅದಿರು ಸಾಗಿದ ದಾರಿಯಲ್ಲಿ ನುಣ್ಣನೆಯ ಕೆಂಧೂಳು ಡಾಂಬರಿನ ಮೇಲೆ ಪದರವಾಗಿ ಕೂರುತ್ತದೆ. ಮೊದಲ ಮಳೆಯ ಹನಿಗೆ ಅದು ಸುಣ್ಣ ಕಲಸಿದಂತೆ ಜಿಗುಟಾಗಿ ಟೈರಿನ ಗೆರೆಗಳನ್ನು ಮುಚ್ಚುತ್ತದೆ. ಜರ್ಮನಿಯ ಪರೀಕ್ಷಾಮಾರ್ಗದಲ್ಲಿ ಹದಗೊಳಿಸಿದ ಸಾಧನಕ್ಕೆ ಗಾಲಿ ಜಾರಿದ ಮೇಲೆ ಜಾರಿತೆಂದು ತಿಳಿಯುವುದೇ ಹೊರತು ಮುಂದಿನ ತಿರುವಿನಲ್ಲಿ ಕೆಂಪು ಕೆಸರಿದೆಯೆಂದು ತಿಳಿಯದು. ಕುಮಾರಸ್ವಾಮಿ ಬೆಟ್ಟದ ಪಾರ್ವತಿ ದೇವಾಲಯ ನೋಡಿ ಗೆಳೆಯರೊಬ್ಬರ ಎರಡು ಬಾಗಿಲಿನ ಕಾರಿನಲ್ಲಿ ಹಿಂತಿರುಗುವಾಗ ಒಂದು ಸಂಜೆ ಇದು ನನ್ನ ಅನುಭವಕ್ಕೂ ಬಂದಿತು. ಹಳದಿ ದೀಪ ಮಿಣುಕುತ್ತಲೇ ಇತ್ತು. ಗೆಳೆಯರು ಅದನ್ನು ಅಭಯಹಸ್ತವೆಂದು ತಿಳಿದಿದ್ದರು. ಅದಾದರೋ ಗಂಟು ಬರಿದಾಗುತ್ತಿದೆಯೆಂದು ಹೇಳುತ್ತಿತ್ತು. ಕಾರು ರಸ್ತೆಯ ಅಂಚಿನ ಮಣ್ಣಿಗೆ ಇಳಿದು ನಿಂತಿತು. ಯಾರಿಗೂ ಗಾಯವಾಗಲಿಲ್ಲ.

ಕಂಪ್ಲಿಯ ಕಡೆ ತೊಂದರೆಯ ಸ್ವರೂಪವೇ ಬೇರೆ. ಕೊಯ್ಲಿನ ಕಾಲದಲ್ಲಿ ರಸ್ತೆಯ ಅರ್ಧಕ್ಕೆ ಭತ್ತ ಹರಡಿರುತ್ತಾರೆ; ಕಣವಿಲ್ಲದ ರೈತನನ್ನು ಇದಕ್ಕಾಗಿ ಬೈದು ಪ್ರಯೋಜನವಿಲ್ಲ. ಎಡಗಾಲಿಗಳು ಕಾಳಿನ ಮೇಲೆ, ಬಲಗಾಲಿಗಳು ಡಾಂಬರಿನ ಮೇಲೆ ಇರುವಾಗ ಬ್ರೇಕು ತುಳಿದರೆ ಕಾರು ಬಲಕ್ಕೆ ಹೊರಳಲು ನೋಡುತ್ತದೆ. ಸಾಧನವು ಅದನ್ನು ನೆಟ್ಟಗಿಡಲು ಯತ್ನಿಸುವುದು ನಿಜ. ಆದರೆ ಹಿಡಿತವಿರುವ ಬಲಗಾಲಿಯ ಬ್ರೇಕನ್ನು ಸಡಿಲಿಸಿ ಹಾಗೆ ಮಾಡಬೇಕಾಗುವುದರಿಂದ ನಿಲ್ಲುವ ದೂರ ಬೆಳೆಯುತ್ತದೆ. ಗಂಟೆಗೆ 100ರ ವೇಗದಿಂದ ನಿಲ್ಲಲು ಒಣನೆಲದಲ್ಲಿ 49 ಮೀಟರು ಬೇಕಾದರೆ ಹಿಡಿತ ಅರ್ಧವಾದಾಗ 98 ಮೀಟರು ಬೇಕು. ಅಷ್ಟರೊಳಗೆ ಭತ್ತ ತಿರುವುತ್ತಿರುವ ಹೆಂಗಸು ಇರಬಹುದು, ಎತ್ತಿನ ಗಾಡಿ ಇರಬಹುದು.

ಆದುದರಿಂದ ಈ ಸಾಧನಕ್ಕೆ ಕನ್ನಡದಲ್ಲಿ ‘ಸ್ಥಿರತಾ ಸನ್ನೆ’ ಎಂಬ ಹೆಸರು ನನಗೆ ಹೆಚ್ಚು ಯುಕ್ತವಾಗಿ ತೋರುತ್ತದೆ. ಗಾಲಿಗೆ ಕೊಡುವ ತಡೆ, ಚಾಲಕನಿಗೆ ಕೊಡುವ ಸೂಚನೆ ಎಂಬ ಎರಡು ಅರ್ಥವೂ ಆ ಪದದಲ್ಲಿವೆ. ‘ಸನ್ನೆ’ ಹಳ್ಳಿಯ ಮಾತೆಂದೂ ಕೋಟಿ ರೂಪಾಯಿಯ ಕಾರಿಗೆ ಒಪ್ಪದೆಂದೂ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದ್ದಾರೆ. ಅವರು ಸಂಡೂರಿನ ದಾರಿಯಲ್ಲಿ ಒಂದು ಮಧ್ಯಾಹ್ನ ಹೋಗಿಬರಬೇಕೆಂದು ನನ್ನ ಪ್ರಾರ್ಥನೆ. ಧೂಳು ಏಳದಿರಲೆಂದು ಅಲ್ಲಿ ಟ್ಯಾಂಕರುಗಳು ರಸ್ತೆಗೆ ನೀರು ಚಿಮುಕಿಸುತ್ತವೆ. ಆಕಾಶದಲ್ಲಿ ಒಂದು ಮೋಡವಿರುವುದಿಲ್ಲ, ತಿರುವಿನಾಚೆ ರಸ್ತೆ ಒದ್ದೆಯಾಗಿರುತ್ತದೆ.