ಹಾಡಿನ ಬಳುವಳಿ

ಮನೆಯ ಹಿರಿಯರು ಕಿರಿಯರಿಗೆ ಬಿಟ್ಟುಹೋಗುವ ಸ್ವತ್ತುಗಳಲ್ಲಿ ಸಂಗೀತದ ಮೇಲಿನ ಪ್ರೀತಿಯಷ್ಟು ವಿಚಿತ್ರವಾದುದು ಮತ್ತೊಂದಿಲ್ಲ. ಹೊಲಕ್ಕೆ ಪತ್ರವುಂಟು, ಒಡವೆಗೆ ತೂಕವುಂಟು. ಇದಕ್ಕೆ ಎರಡೂ ಇಲ್ಲ. ಕೊಟ್ಟೇ ತೀರುವೆವೆಂದು ಹಟ ಹಿಡಿದವರ ಕೈಯಿಂದ ಇದು ಎಷ್ಟೋ ವೇಳೆ ದಾಟುವುದೇ ಇಲ್ಲ. ಬೇಡವೆಂದು ಬಾಗಿಲು ಹಾಕಿದವರ ಮನೆಯಿಂದಲೇ ಗೋಡೆ ಹಾರಿ ಹೋಗಿರುತ್ತದೆ. ಆದಕಾರಣ ಸಂಗೀತಗಾರರ ಜೀವನವೃತ್ತಾಂತಗಳನ್ನು ಓದುವ ರಸಿಕರು ಗುರುಪರಂಪರೆಯ ವಿವರಗಳಲ್ಲಿ ನಿಲ್ಲುವಷ್ಟೇ ಹೊತ್ತು ಅದಕ್ಕೆ ಹಿಂದಿನ ಪುಟಗಳಲ್ಲಿಯೂ, ಎಂದರೆ ತಾಯಿ, ಅಜ್ಜ, ಅಣ್ಣಂದಿರು ಓಡಾಡುವ ಪುಟಗಳಲ್ಲಿಯೂ ನಿಂತರೆ ನಷ್ಟವಿಲ್ಲ. ಗುರುವು ವಿದ್ಯೆಯನ್ನು ಕೊಟ್ಟಿರಬಹುದು. ಆ ವಿದ್ಯೆ ಬೇಕೆಂಬ ಹಸಿವನ್ನು ಕೊಟ್ಟವರು ಯಾರು ಎಂಬುದು ಬೇರೆಯ ಪ್ರಶ್ನೆ.

ಕನ್ನಡದಲ್ಲಿ ಇಂಥ ಗ್ರಂಥಗಳು ಬಹಳವಿಲ್ಲವಾದರೂ ಇರುವವು ಸತ್ವವುಳ್ಳವು. ಮಲ್ಲಿಕಾರ್ಜುನ ಮನಸೂರರ ‘ನನ್ನ ರಸಯಾತ್ರೆ’, ಗಂಗೂಬಾಯಿ ಹಾನಗಲ್ಲರ ‘ನನ್ನ ಬದುಕಿನ ಹಾಡು’, ಮೈಸೂರು ವಾಸುದೇವಾಚಾರ್ಯರ ‘ನಾ ಕಂಡ ಕಲಾವಿದರು’ ಇವು ಮೂರೂ ವಿದ್ಯಾವಂತರ ಮನೆಗಳಲ್ಲಿ ಇರತಕ್ಕವು. ಇವುಗಳಲ್ಲಿ ಮನಸೂರರ ಗ್ರಂಥವನ್ನು ಇಂಗ್ಲಿಷಿಗೆ ತಂದವರು ಅವರ ಮಗ ರಾಜಶೇಖರ ಮನಸೂರರು. ಆಚಾರ್ಯರ ಗ್ರಂಥವನ್ನು ತಂದವರು ಅವರ ಮೊಮ್ಮಗ ಎಸ್. ಕೃಷ್ಣಮೂರ್ತಿಗಳು. ಹಿರಿಯರ ಹಾಡನ್ನು ಮೊದಲು ಕೇಳಿದವರೇ ಹಿರಿಯರ ಮಾತನ್ನೂ ಹೊರಗಿನವರಿಗೆ ತಿಳಿಸುವ ಹೊಣೆ ಹೊತ್ತರು. ಇದು ಕೇವಲ ಆಕಸ್ಮಿಕವೆಂದು ತಳ್ಳಿಬಿಡುವಂತಿಲ್ಲ.

ಪ್ರಸ್ತುತ ವಿಷಯಕ್ಕೆ ಎಲ್ಲಕ್ಕಿಂತ ಹೆಚ್ಚಿನ ಬೆಳಕು ಬೀಳುವುದು ಗಂಗೂಬಾಯಿಯವರ ಬಾಲ್ಯದಿಂದ. ಅವರು 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ಗಾಯಕಿ. ಎಂಥ ಗಾಯಕಿಯೆಂದರೆ, ಕಿರಾಣಾ ಘರಾಣೆಯ ಮೂಲಪುರುಷರೆನಿಸಿದ ಅಬ್ದುಲ್ ಕರೀಂ ಖಾನರು ಧಾರವಾಡಕ್ಕೆ ಬಂದಾಗ ಅವರ ಮನೆಗೆ ಬಂದು ಹಾಡು ಕೇಳುತ್ತಿದ್ದರು. ಇಂಥ ಮನೆಯ ಹುಡುಗಿಯ ಕಿವಿಯೋ ಬೀದಿಯ ಕಡೆಗಿತ್ತು. ಎಲ್ಲಿಯಾದರೂ ಗ್ರಾಮಫೋನು ಮೊಳಗಿದರೆ ಓಡಿಹೋಗಿ ನಿಂತು ಕೇಳುವುದು, ಜೊಹ್ರಾಬಾಯಿ ಆಗ್ರೇವಾಲಿಯವರ ತಟ್ಟೆಗಳಲ್ಲಿ ಕೇಳಿದ್ದನ್ನು ತಾನೂ ಹಾಡಿನೋಡುವುದು, ಇದೇ ಅವಳ ಮೊದಲ ಪಾಠ. ಒಳಗೆ ತಾಯಿಯ ಕೃತಿ, ಹೊರಗೆ ಪರಊರಿನ ಗಾಯಕಿಯ ಖಯಾಲು. ಮಗು ಹೊರಗಿನದನ್ನು ಆರಿಸಿಕೊಂಡಿತು.

ಬೇರೆ ತಾಯಿಯಾಗಿದ್ದರೆ ಏನು ಮಾಡುತ್ತಿದ್ದಳೆಂದು ಊಹಿಸುವುದು ಕಷ್ಟವಲ್ಲ. ತನ್ನ ವಿದ್ಯೆಗೆ ಅಪಮಾನವಾಯಿತೆಂದು ಕೊರಗಬಹುದಿತ್ತು. ಸರಳೆ, ಜಂಟಿ ವರಸೆಗಳ ಮುಂದೆ ಮಗಳನ್ನು ಬಲವಂತದಿಂದ ಕೂರಿಸಬಹುದಿತ್ತು. ಅಂಬಾಬಾಯಿಯವರು ಮಾಡಿದ್ದು ಇದಕ್ಕೆ ತೀರ ವಿಪರೀತ. ಮಗಳ ಹಿಂದುಸ್ತಾನಿ ಶಿಕ್ಷಣಕ್ಕಾಗಿ 1928ರಲ್ಲಿ ಮನೆಯನ್ನು ಹುಬ್ಬಳ್ಳಿಗೆ ಸಾಗಿಸಿದರು. ಕೃಷ್ಣಾಚಾರ್ಯ ಹುಲಗೂರರಲ್ಲಿ ಪಾಠಕ್ಕೆ ಏರ್ಪಾಡಾಯಿತು. ಅಷ್ಟಕ್ಕೇ ಸುಮ್ಮನಾಗದೆ, ತಮ್ಮ ಕರ್ನಾಟಕ ಪದ್ಧತಿಯ ಛಾಯೆ ಮಗಳ ಕಂಠದ ಮೇಲೆ ಬೀಳಬಾರದೆಂದು ತಾವೇ ಹಾಡುವುದನ್ನು ನಿಲ್ಲಿಸಿಬಿಟ್ಟರು.

ಗಂಗೂಬಾಯಿಯವರನ್ನು ಕುರಿತು ಬರೆದವರಲ್ಲಿ ಈ ಸಂಗತಿಯನ್ನು ಹೇಳದವರಿಲ್ಲ. ಆದರೆ ಹೇಳುವವರು ‘ತ್ಯಾಗ’ ಎಂಬ ಒಂದು ಮಾತನ್ನು ಹೇಳಿ, ಕೈಮುಗಿದು, ಮುಂದಿನ ಪುಟಕ್ಕೆ ಹೋಗುತ್ತಾರೆ. ಆ ಮಾತು ಸುಳ್ಳಲ್ಲ; ಆದರೆ ಅದು ವಿಚಾರವನ್ನು ಆರಂಭಿಸಬೇಕಾದ ಕಡೆಯಲ್ಲಿ ಮುಗಿಸಿಬಿಡುತ್ತದೆ. ಆ ಮೌನದ ಅವಶ್ಯಕತೆ ನಿಜವಾಗಿಯೂ ಇತ್ತೇ ಎಂಬುದನ್ನು ಯಾರೂ ಕೇಳಿದಂತೆ ಕಾಣುವುದಿಲ್ಲ.

ಮೇಲುನೋಟಕ್ಕೆ ಇರಲಿಲ್ಲವೆಂದೇ ತೋರುತ್ತದೆ. ಅಬ್ದುಲ್ ಕರೀಂ ಖಾನರೇ ಕರ್ನಾಟಕ ಸಂಗೀತಕ್ಕೆ ಮನಸೋತವರು. ಮೈಸೂರಿನ ಆಸ್ಥಾನಕ್ಕೆ ಹೋಗಿಬಂದ ಅವರು ತಮ್ಮ ಗಾಯನದಲ್ಲಿ ಸರಗಮ್ಮಿನ ಪ್ರಯೋಗವನ್ನು ಬೆಳೆಸಿದ್ದರಲ್ಲಿ ದಕ್ಷಿಣದ ಸ್ವರಕಲ್ಪನೆಯ ಪ್ರಭಾವವನ್ನು ಬಲ್ಲವರು ಗುರುತಿಸಿದ್ದಾರೆ. ತ್ಯಾಗರಾಜರ ಕೃತಿಯನ್ನು ಹಾಡಿ ಗ್ರಾಮಫೋನ್ ತಟ್ಟೆಗೆ ಕೊಟ್ಟವರು ಅವರು. ಅಂಥವರ ಶಿಷ್ಯರೇ ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯೆಯೇ ಗಂಗೂಬಾಯಿ. ಎಂದಮೇಲೆ ಪರಮಗುರುವು ಯಾವ ಹಾಡನ್ನು ಕೇಳುವುದಕ್ಕೆಂದು ಮನೆಯ ಮೆಟ್ಟಿಲೇರಿ ಬರುತ್ತಿದ್ದನೋ, ಅದೇ ಹಾಡು ಮುಂದೆ ಶಿಷ್ಯೆಯಾಗಲಿದ್ದವಳ ಕಿವಿಗೆ ಬೀಳಬಾರದೆಂದಂತಾಯಿತು. ಇದಕ್ಕಿಂತ ಹೆಚ್ಚಿನ ವಿಪರ್ಯಾಸವನ್ನು ನಾಟಕಕಾರನೂ ಹೂಡಲಾರನು.

ಆದರೂ ಇಲ್ಲಿ ಸ್ವಲ್ಪ ತಡೆದು ನೋಡಬೇಕು. ಪಕ್ವವಾದ ಕಂಠವು ಪರಪದ್ಧತಿಯಿಂದ ತನಗೆ ಬೇಕಾದುದನ್ನು ಹೆಕ್ಕಿಕೊಳ್ಳುವುದು ಒಂದು. ಇನ್ನೂ ರೂಪುಗೊಳ್ಳದ ಕಂಠವು ಏಕಕಾಲದಲ್ಲಿ ಎರಡು ರೂಢಿಗಳಿಗೆ ಸಿಕ್ಕಿಕೊಳ್ಳುವುದು ಇನ್ನೊಂದು. ಕರ್ನಾಟಕ ಪದ್ಧತಿಯಲ್ಲಿ ಸ್ವರವು ಗಮಕದ ತೂಗಾಟದಲ್ಲಿ ಜೀವಿಸುತ್ತದೆ. ಕಿರಾಣಾ ಗಾಯಕಿಯಲ್ಲಾದರೋ ಸ್ವರವನ್ನು ನಿಶ್ಚಲವಾಗಿ ನಿಲ್ಲಿಸಿ, ಅದರ ನಾದವನ್ನು ತುಂಬಿ, ಮೀಂಡಿನಿಂದ ಮುಂದಿನ ಸ್ವರಕ್ಕೆ ಜಾರುವುದೇ ಪ್ರಾಣ. ಒಂದೇ ಹೆಸರಿನ ಸ್ವರವನ್ನು ಎರಡೂ ಕಡೆಯವರು ಬೇರೆ ಬೇರೆಯಾಗಿ ಹಿಡಿಯುತ್ತಾರೆ. ಹದಿನೈದು ವರ್ಷದ ಹುಡುಗಿ ಗುರುವಿನ ಮುಂದೆ ಕೂರುವುದು ದಿನಕ್ಕೆ ಒಂದೆರಡು ಗಂಟೆ. ತಾಯಿಯ ಸ್ವರ ಕಿವಿಗೆ ಬೀಳುವುದು ದಿನವಿಡೀ. ಮಕ್ಕಳು ತಾವು ಪ್ರೀತಿಸುವವರ ಕಂಠವನ್ನು ಪ್ರಯತ್ನವಿಲ್ಲದೆ ಅನುಕರಿಸುತ್ತಾರೆ. ಮಾತಿನ ಧಾಟಿ ಬರುವುದು ಹಾಗೆಯೇ, ಹಾಡಿನ ಧಾಟಿಯೂ ಹಾಗೆಯೇ.

ಹಾಗೆ ನೋಡಿದರೆ ಅಂಬಾಬಾಯಿಯವರ ಮೌನದಲ್ಲಿ ತ್ಯಾಗಕ್ಕಿಂತ ಮೊದಲು ಕಾಣುವುದು ಜ್ಞಾನ. ಆ ಮನೆಯಲ್ಲಿ ಎಲ್ಲ ಗುರುಗಳಿಗಿಂತ ಬಲವಾದ ಗುರು ತಮ್ಮ ಕಂಠವೇ ಎಂಬುದನ್ನು ಆಕೆ ಕಂಡುಕೊಂಡಿದ್ದರು. ಹಾಡು ಸಾಧಾರಣವಾಗಿದ್ದವರಿಗೆ ಅದನ್ನು ನಿಲ್ಲಿಸುವ ಪ್ರಮೇಯವೇ ಬರುತ್ತಿರಲಿಲ್ಲ. ಇದನ್ನು ಬರಿಯ ತಾಯಿಯ ಮಮತೆಯೆಂದು ಹೊಗಳುವವರು ಆಕೆಯಲ್ಲಿದ್ದ ಕಲಾವಿದೆಯನ್ನು ಎರಡನೆಯ ಸಲ ಮೌನಗೊಳಿಸುತ್ತಾರೆ. ಮಮತೆ ಎಲ್ಲ ತಾಯಂದಿರಲ್ಲಿಯೂ ಇರುತ್ತದೆ. ಎರಡು ಪದ್ಧತಿಗಳ ಸ್ವರಸ್ಥಾನಗಳ ಸೂಕ್ಷ್ಮ ಎಷ್ಟು ಮಂದಿಗೆ ತಿಳಿದೀತು?

ನಷ್ಟವಂತೂ ಆಯಿತು. ಅಂಬಾಬಾಯಿಯವರು 1932ರಲ್ಲಿ ತೀರಿಕೊಂಡರು. ಮಗಳು ಸವಾಯಿ ಗಂಧರ್ವರಲ್ಲಿ ಕ್ರಮವಾಗಿ, ದೀರ್ಘವಾಗಿ ಕಲಿಯತೊಡಗಿದ್ದು 1930ರ ದಶಕದ ಕೊನೆಯ ವರ್ಷಗಳಲ್ಲಿ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಕಲಿತದ್ದು ಆಗ. ಯಾವ ಗಿಡಕ್ಕಾಗಿ ಆಕೆ ತಮ್ಮ ನೆರಳನ್ನು ಸರಿಸಿಕೊಂಡರೋ ಆ ಗಿಡ ಮರವಾದುದನ್ನು ಕಾಣಲಿಲ್ಲ. 1924ರ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಮುಂದೆ ಮಗಳು ಸ್ವಾಗತಗೀತೆ ಹಾಡಿದ್ದಷ್ಟೇ ಆಕೆಗೆ ದೊರೆತ ಭಾಗ್ಯ. ಹಾಡುವ ಹೆಂಗಸರನ್ನು ಕೇಳುವ ಕಿವಿಯೂ ಹಳಿಯುವ ನಾಲಗೆಯೂ ಒಂದೇ ಮನೆಯಲ್ಲಿರುತ್ತಿದ್ದ ಆ ಕಾಲದಲ್ಲಿ ಅದೂ ಸಣ್ಣದೇನಲ್ಲ.

ಕುಂದಗೋಳದಲ್ಲಿ ಆಗ ಗಂಗೂಬಾಯಿಯವರ ಜೊತೆಗೆ ಕಲಿಯುತ್ತಿದ್ದ ಹುಡುಗನೊಬ್ಬನಿದ್ದನು. ಪಾಠ ಮುಗಿದಮೇಲೆ ಕತ್ತಲಾದರೆ ಅವರನ್ನು ಸ್ಟೇಶನ್ನಿನವರೆಗೆ ಬಿಟ್ಟುಬರುತ್ತಿದ್ದನು. ಆತನೇ ಮುಂದೆ ಪಂಡಿತ ಭೀಮಸೇನ ಜೋಶಿಯೆನಿಸಿದನು. ಆತನ ಮನೆಯ ಕಥೆ ಇದಕ್ಕೆ ತದ್ವಿರುದ್ಧ. ಅಜ್ಜ ಭೀಮಾಚಾರ್ಯರು ಕೀರ್ತನಕಾರರು, ತಾಯಿ ಮನೆಯಲ್ಲಿ ಭಜನೆ ಹಾಡುವವರು. ತಂದೆ ಗುರುರಾಜ ಜೋಶಿಯವರು ಉಪಾಧ್ಯಾಯರು, ವಿದ್ಯಾವಂತರು, ಮಗನೂ ತಮ್ಮಂತೆ ಓದಿ ಮುಂದೆ ಬರಲೆಂದು ಬಯಸಿದವರು. ಮಗನ ಕಿವಿಗಾದರೋ ಅಂಗಡಿಯೊಂದರಲ್ಲಿ ಕೇಳಿದ ಅಬ್ದುಲ್ ಕರೀಂ ಖಾನರ ತಟ್ಟೆ ಹತ್ತಿತ್ತು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಆತ ಗುರುವನ್ನು ಹುಡುಕಿ ಮನೆ ಬಿಟ್ಟು ಓಡಿಹೋದನು, ಜಾಲಂಧರದವರೆಗೂ ಅಲೆದನು. ತಂದೆ ಅಲ್ಲಿಂದ ಕರೆದುತಂದು ಕೊನೆಗೆ ಸವಾಯಿ ಗಂಧರ್ವರಲ್ಲಿ ಬಿಡಲು ಒಪ್ಪಿದರು.

ಇಲ್ಲಿ ತಂದೆಯನ್ನು ನಿಂದಿಸುವುದು ಸುಲಭ, ಅನ್ಯಾಯವೂ ಹೌದು. ತಾಯಿಯ ಭಜನೆಯನ್ನು ಆ ಮನೆಯಲ್ಲಿ ಯಾರೂ ಶಿಕ್ಷಣವೆಂದು ತಿಳಿದಿರಲಿಲ್ಲ. ಅದು ದೀಪ ಹಚ್ಚಿದಂತೆ, ಅಂಗಳ ಸಾರಿಸಿದಂತೆ ನಿತ್ಯಕರ್ಮ. ಕೊಟ್ಟವರಿಗೇ ಕೊಟ್ಟೆವೆಂಬ ಅರಿವಿಲ್ಲದಿದ್ದಾಗ, ಪಡೆದವನ ಹಸಿವು ಅವರಿಗೆ ಹುಚ್ಚಾಗಿ ಕಂಡರೆ ಆಶ್ಚರ್ಯವೇನು? ವಿದ್ಯಾವಂತರ ಮನೆಗಳಲ್ಲಿ ಈ ಕಥೆ ಇಂದಿಗೂ ಸಣ್ಣಪ್ರಮಾಣದಲ್ಲಿ ನಡೆಯುತ್ತಲೇ ಇದೆ. ಮಗ ಅಥವಾ ಮಗಳು ಸಂಗೀತ ಬಲ್ಲವರೆನಿಸಬೇಕು, ಆದರೆ ಸಂಗೀತಗಾರರಾಗಬಾರದು! ಸಂಜೆ ಐದರಿಂದ ಆರರವರೆಗೆ ಮೇಷ್ಟ್ರು, ವರ್ಷಕ್ಕೊಂದು ಪರೀಕ್ಷೆ, ಬಂಧುಗಳು ಬಂದಾಗ ಒಂದು ದೇವರನಾಮ. ಇಂಥ ಮನೆಗಳಲ್ಲಿ ಹಿರಿಯರು ತಮ್ಮ ಸಂತೋಷಕ್ಕಾಗಿ ಹಾಡುವುದನ್ನಾಗಲಿ, ಕೆಲಸ ಬಿಟ್ಟು ಕುಳಿತು ಕೇಳುವುದನ್ನಾಗಲಿ ಮಗು ಕಂಡೇ ಇರುವುದಿಲ್ಲ. ತಾವು ಉಣ್ಣದ ಊಟವನ್ನು ಮಕ್ಕಳಿಗೆ ಬಡಿಸಿ, ರುಚಿ ಹತ್ತಲಿಲ್ಲವೆಂದು ಗೊಣಗಿದರೆ ಏನು ಬಂತು?

ಇಲ್ಲಿ ಯಂತ್ರಗಳನ್ನು ಹಳಿಯುವುದು ವಾಡಿಕೆ. ಆದರೆ ಗಂಗೂಬಾಯಿಯವರಿಗೂ ಭೀಮಸೇನರಿಗೂ ಕಿವಿ ತೆರೆಸಿದ್ದು ಯಂತ್ರವೇ, ಅದೂ ಆ ಕಾಲದ ಹಿರಿಯರು ಕೀಳಾಗಿ ಕಂಡ ಯಂತ್ರ. ಗ್ರಾಮಫೋನಿಗೆ ಒಂದು ಗುಣವಿತ್ತು: ಅದು ಒಬ್ಬನಿಗಾಗಿ ಹಾಡುತ್ತಿರಲಿಲ್ಲ. ಅಂಗಡಿಯಾತ ಹಚ್ಚಿದ ತಟ್ಟೆಯನ್ನು ಬೀದಿಯೆಲ್ಲ ಕೇಳುತ್ತಿತ್ತು. ಮುಂದೆ ರೇಡಿಯೋ ಮನೆಯ ನಡುವಿನ ಅಂಕಣದಲ್ಲಿ ಕುಳಿತು ಅಡಿಗೆಮನೆಗೂ ಜಗುಲಿಗೂ ಕೇಳುವಂತೆ ಹಾಡಿತು. ಈಗಿನ ಮೊಬೈಲು ಇಯರ್‌ಫೋನುಗಳಲ್ಲಿ ಲೋಕದ ಸಂಗೀತವೆಲ್ಲ ಇದೆ, ಆದರೆ ಅದು ಒಂದೊಂದು ಕಿವಿಗೆ ಮಾತ್ರ. ಅಜ್ಜ ಏನು ಕೇಳುತ್ತಾನೆಂದು ಮೊಮ್ಮಗಳಿಗೆ ತಿಳಿಯದು. ಅವಳು ಏನು ಕೇಳುತ್ತಾಳೆಂದು ಅಜ್ಜನಿಗೆ ತಿಳಿಯದು. ಆಗಿನ ಮಕ್ಕಳು ಬಯಸದೆಯೇ ಕೇಳಿಸಿಕೊಂಡದ್ದನ್ನು ಈಗಿನವರು ಬಯಸಿದರೂ ಕೇಳಿಸಿಕೊಳ್ಳಲಾರರು, ಏಕೆಂದರೆ ಮನೆ ಈಗ ನಿಶ್ಶಬ್ದ.

ಹಿರಿಯರೆಲ್ಲ ಅಂಬಾಬಾಯಿಯವರಂತೆ ಹಿಂದೆ ಸರಿಯಬೇಕೆಂದೇನೂ ಇಲ್ಲ. ಮನಸೂರರ ಬಾಲ್ಯದಲ್ಲಿ ಅಣ್ಣ ಬಸವರಾಜರು ತಮ್ಮನನ್ನು ಜೊತೆಯಲ್ಲಿಯೇ ನಾಟಕದ ಕಂಪನಿಗೆ ಕರೆದೊಯ್ದರು. ರಂಗದ ಮೇಲೆ ಆ ಹುಡುಗನ ಹಾಡು ಕೇಳಿಯೇ ನೀಲಕಂಠಬುವಾ ಅವರು ಶಿಷ್ಯನಾಗಿ ಸ್ವೀಕರಿಸಿದ್ದು. ಮೈಸೂರಿನಲ್ಲಿ ಇನ್ನೊಂದು ದಾರಿ ಕಾಣುತ್ತದೆ. 1865ರಲ್ಲಿ ಹುಟ್ಟಿದ ವಾಸುದೇವಾಚಾರ್ಯರು ತೀರ ಇಳಿವಯಸ್ಸಿನಲ್ಲಿ ಮದರಾಸಿನ ಕಲಾಕ್ಷೇತ್ರಕ್ಕೆ ಹೋಗಿ, ರುಕ್ಮಿಣಿದೇವಿಯವರ ರಾಮಾಯಣ ನೃತ್ಯನಾಟಕಗಳಿಗೆ ಸಂಗೀತವನ್ನು ಅಳವಡಿಸತೊಡಗಿದರು. ಆ ಮಾಲೆ ಮುಗಿಯುವ ಮೊದಲೇ, 1961ರಲ್ಲಿ, ಕಾಲವಾದರು. ಉಳಿದುದನ್ನು ಪೂರ್ತಿಮಾಡಿದವರು ಅವರ ಬಳಿಯೇ ಕಲಿತ ಮೊಮ್ಮಗ ರಾಜಾರಾಂ ಅವರು. ತಾತನು ಯಾವ ರಾಗವನ್ನು ಯಾವ ಸಂದರ್ಭಕ್ಕೆ ಆರಿಸುತ್ತಿದ್ದನೆಂಬುದು ಬರೆದಿಟ್ಟ ಟಿಪ್ಪಣಿಯಿಂದ ತಿಳಿಯತಕ್ಕುದಲ್ಲ. ವರ್ಷಗಟ್ಟಲೆ ಬಳಿಯಲ್ಲಿದ್ದು ಕೇಳಿದ ಕಿವಿಗೆ ಮಾತ್ರ ತಿಳಿಯತಕ್ಕುದು. ಧಾರವಾಡದ ತಾಯಿ ಹಾಡು ನಿಲ್ಲಿಸಿ ಕೊಟ್ಟರು, ಮೈಸೂರಿನ ತಾತ ಹಾಡುತ್ತ ಹಾಡುತ್ತ ಕೊಟ್ಟರು. ಎರಡನೆಯದು ನೋಡುವುದಕ್ಕೆ ಹಿತವಾದುದು. ಆದರೆ ಅದರಲ್ಲಿ ಕಿರಿಯನ ಮೇಲೆ ಬೀಳುವ ಭಾರವೂ ಹೆಚ್ಚು. ಹಿರಿಯನ ಅಪೂರ್ಣ ಕಾರ್ಯವು ಅವನ ಆಯುಷ್ಯದ ಒಂದು ಭಾಗವನ್ನು ಬೇಡುತ್ತದೆ. ವಿಮರ್ಶಕರು ಇದನ್ನು ‘ಪರಂಪರೆ’ ಎಂದು ಕರೆದು ತೃಪ್ತರಾಗುವುದೂ ಅದನ್ನು ‘ತ್ಯಾಗ’ ಎಂದು ಕರೆದು ತೃಪ್ತರಾಗುವುದೂ ಒಂದೇ ಬಗೆಯ ಆತುರ.

ಈ ಮಾತಿಗೆ ಗಂಗೂಬಾಯಿಯವರ ಮನೆಯಲ್ಲಿಯೇ ಮುಂದಿನ ಅಧ್ಯಾಯವಿದೆ. ತಾಯಿ ತನಗಾಗಿ ಮೌನ ವಹಿಸಿದ್ದನ್ನು ಕಂಡ ಮಗಳು ತಾನು ತಾಯಿಯಾದಾಗ ಹಾಗೆ ಮಾಡಲಿಲ್ಲ. ಮಗಳು ಕೃಷ್ಣಾ ಅವರನ್ನು ವೇದಿಕೆಯ ಮೇಲೆ ತಮ್ಮ ಬೆನ್ನಹಿಂದೆ ಕೂರಿಸಿಕೊಂಡು ಹಾಡಿದರು. ಒಂದೆರಡು ವರ್ಷವಲ್ಲ, ದಶಕಗಳ ಕಾಲ. ಕೃಷ್ಣಾ ಅವರು ಸ್ವತಃ ಸಮರ್ಥ ಗಾಯಕಿ. ಅವರು ಬೇರೆಯಾಗಿ ನಿಂತು ಹಾಡಿದ್ದರೆ ಹೆಸರು ಹೆಚ್ಚುತ್ತಿತ್ತೆಂದು ಹೇಳುವವರುಂಟು. ಆ ಎರಡು ಕಂಠಗಳು ಕೂಡಿ ಕೊಟ್ಟ ಸುಖವನ್ನು ಬಿಡಲೊಲ್ಲದ ರಸಿಕರೂ ಉಂಟು. ಅಜ್ಜಿ ಮಗಳಿಗಾಗಿ ಹಾಡು ಬಿಟ್ಟರು, ಮೊಮ್ಮಗಳು ತಾಯಿಗಾಗಿ ಹಾಡಿದರು. ಈ ಎರಡರಲ್ಲಿ ಯಾರು ಹೆಚ್ಚು ಕೊಟ್ಟರೆಂದು ತೂಗುವ ತಕ್ಕಡಿ ಯಾರ ಬಳಿಯೂ ಇರಲಾರದು.

ಕೃಷ್ಣಾ ಅವರು ತಾಯಿಗಿಂತ ಮೊದಲೇ, 2004ರಲ್ಲಿ ತೀರಿಕೊಂಡರು. ಗಂಗೂಬಾಯಿಯವರು 2009ರ ಜುಲೈಯವರೆಗೆ ಬದುಕಿದ್ದರು. ಈಗ ಉಳಿದಿರುವುದು ಧ್ವನಿಮುದ್ರಿಕೆಗಳು. 1930ರ ದಶಕದ ತಟ್ಟೆಗಳಲ್ಲಿ ಗಂಗೂಬಾಯಿಯವರ ಕಂಠ ತೆಳುವಾಗಿ, ಎತ್ತರವಾಗಿ ಕೇಳುತ್ತದೆ; ಮುಂದೆ ಗಂಟಲಿನ ಚಿಕಿತ್ಸೆಯಾದಮೇಲೆ ಅದು ತಗ್ಗಿ, ಗಂಡಸಿನ ದನಿಯಷ್ಟು ಗಂಭೀರವಾಯಿತು. ಆ ಮೇಲಿನ ವರ್ಷಗಳ ಮುದ್ರಿಕೆಗಳನ್ನು ಮನೆಯವರೆಲ್ಲ ಕೂಡಿ, ಇಯರ್‌ಫೋನು ಬದಿಗಿಟ್ಟು ಕೇಳಬೇಕು. ತಾಯಿ ಷಡ್ಜದ ಮೇಲೆ ನಿಂತು ಉಸಿರು ತೆಗೆದುಕೊಳ್ಳುವೆಡೆಯಲ್ಲಿ ಹಿಂದಿನಿಂದ ಮತ್ತೊಂದು ದನಿ ಮೆಲ್ಲಗೆ ಆ ಸ್ವರವನ್ನು ಎತ್ತಿಕೊಂಡು, ತಾಯಿ ತಿರುಗಿ ಹಾಡತೊಡಗುವವರೆಗೆ ಅದನ್ನು ಹಿಡಿದುಕೊಂಡಿರುತ್ತದೆ.