ಹಿರಿಯಣ್ಣನ ನಿಘಂಟು ಮತ್ತು ನಮ್ಮ ಅಂಗಳದ ನುಡಿ

ರಾಮರಾಜ್ಯದ ಕನಸನ್ನು ಬಣ್ಣಿಸಿದ ಕವಿಗಳು ನಮ್ಮಲ್ಲಿ ಬಹುಮಂದಿ. ಅದಕ್ಕೆ ತೀರ ವಿಪರೀತವಾದ, ಪ್ರಜೆಯ ಯೋಚನೆಯ ಮೇಲೂ ಕಾವಲಿರುವ ದುಃಸ್ವಪ್ನರಾಜ್ಯವನ್ನು ಕಲ್ಪಿಸಿದ ಕಾದಂಬರಿಗಳಲ್ಲಿ ಜಾರ್ಜ್ ಆರ್ವೆಲ್ಲನ ‘೧೯೮೪’ (೧೯೪೯) ಅಗ್ರಗಣ್ಯವಾದುದು. ಅದರ ಮಾತು ಬಂದೊಡನೆ ಎಲ್ಲರೂ ಗೋಡೆಯಿಂದ ಮನೆಮಂದಿಯನ್ನು ನೋಡುತ್ತಲೇ ಇರುವ ಯಂತ್ರವನ್ನೂ ‘ಹಿರಿಯಣ್ಣ’ನ ಪಟವನ್ನೂ ನೆನೆಯುತ್ತಾರೆ. ಉಪಾಧ್ಯಾಯರಾದ ನಾವು ಮುಖ್ಯವಾಗಿ ಗಮನಿಸಬೇಕಾದುದು ಅದರಲ್ಲಿ ಬರುವ ನಿಘಂಟಿನ ಪ್ರಸಂಗವನ್ನು.

ಕಥಾನಾಯಕ ವಿನ್‌ಸ್ಟನ್ ಸ್ಮಿತ್ ಹಳೆಯ ಪತ್ರಿಕೆಗಳನ್ನು ಸರಕಾರದ ಇಂದಿನ ಮಾತಿಗೆ ಹೊಂದುವಂತೆ ತಿದ್ದುವ ಕಾರಕೂನ. ಅವನ ಜೊತೆಗಾರ ಸೈಮ್ ‘ಹೊಸನುಡಿ’ಯ ಕೋಶಕಾರ. ಆವೃತ್ತಿ ಆವೃತ್ತಿಗೂ ತೆಳ್ಳಗಾಗುವ ಕೋಶವದು! ಶಬ್ದವು ಸತ್ತರೆ ಅದರಿಂದ ಹುಟ್ಟಬಹುದಾದ ದ್ರೋಹದ ಯೋಚನೆಯೂ ಸಾಯುವುದೆಂಬುದು ಅಲ್ಲಿಯ ಲೆಕ್ಕ. ಹಳೆಯ ನುಡಿ ಅಳಿಯಲು ೨೦೫೦ರ ಸುಮಾರಿನ ಗಡುವೂ ಉಂಟು. ಆರ್ವೆಲ್ ಇದನ್ನು ಗಾಳಿಯಿಂದ ಹಿಡಿದು ತಂದವನಲ್ಲ. ಬಿಹಾರದ ಮೋತಿಹಾರಿಯಲ್ಲಿ ೧೯೦೩ರಲ್ಲಿ ಹುಟ್ಟಿದ ಆತ ೧೯೪೧ರಿಂದ ೧೯೪೩ರವರೆಗೆ ಲಂಡನ್ನಿನ ಬಿ.ಬಿ.ಸಿ.ಯಲ್ಲಿ ಹಿಂದುಸ್ಥಾನಕ್ಕಾಗಿ ಭಾಷಣಗಳನ್ನು ಸಿದ್ಧಪಡಿಸುತ್ತಿದ್ದನು. ಯುದ್ಧಕಾಲದ ಸರಕಾರಿ ಕತ್ತರಿಯನ್ನು ಅವನು ಹತ್ತಿರದಿಂದ ಬಲ್ಲ. ೮೫೦ ಶಬ್ದಗಳಷ್ಟೇ ಇರುವ ‘ಬೇಸಿಕ್ ಇಂಗ್ಲಿಷ್’ ಎಂಬ ಯೋಜನೆಯೂ ಆಗ ಪ್ರಚಾರದಲ್ಲಿತ್ತು.

ಈ ಪುಟಗಳನ್ನು ನಮ್ಮ ಸೀಮೆಯಲ್ಲಿ ಕುಳಿತು ಓದುವವರಿಗೆ ನಿಜಾಮ ಸಂಸ್ಥಾನದ ನೆನಪಾಗದಿರದು. ೧೯೫೬ರವರೆಗೆ ಜಹೀರಾಬಾದ್, ನಾರಾಯಣಖೇಡಗಳು ಬೀದರ ಜಿಲ್ಲೆಯ ತಾಲೂಕುಗಳು. ತಾಂಡೂರು ಕಲಬುರ್ಗಿ ಜಿಲ್ಲೆಯದು. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. (ದೇಶಭಾಷೆಯೊಂದರಲ್ಲಿ ಉಚ್ಚ ಶಿಕ್ಷಣ ಸಾಧ್ಯವೆಂದು ತೋರಿಸಿದ ಕೀರ್ತಿಯನ್ನು ಅದಕ್ಕೆ ಸಲ್ಲಿಸಲೇಬೇಕು.) ೧೯೨೧ರ ೫೩ನೆಯ ಗಸ್ತಿಯಂತೆ ಅನುಮತಿಯಿಲ್ಲದೆ ಸಾರ್ವಜನಿಕ ಸಭೆ ಸೇರುವಂತಿರಲಿಲ್ಲ. ಆದರೆ ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ಉರ್ದು ನಮ್ಮ ರೈತನ ಬಾಯಿಯಿಂದ ಶಬ್ದಗಳನ್ನು ಕಿತ್ತುಕೊಳ್ಳಲಿಲ್ಲ; ದಫ್ತರ, ತಕರಾರು, ಜಮೀನುಗಳನ್ನು ಕೂಡಿಸಿತು. ಅಂಗಳದಲ್ಲಿ ಬೀಸುವ ಪದ, ಭಜನೆ, ತತ್ತ್ವಪದಗಳು ನಡೆದೇ ಇದ್ದವು. ಸಂಸ್ಥಾನದೊಳಗೇ ೧೯೨೮ರಲ್ಲಿ ಕಲಬುರ್ಗಿಯಲ್ಲಿಯೂ ೧೯೩೪ರಲ್ಲಿ ರಾಯಚೂರಿನಲ್ಲಿಯೂ ಕನ್ನಡ ಸಾಹಿತ್ಯ ಸಮ್ಮೇಳನಗಳು ನೆರವೇರಿದವು.

ಆರ್ವೆಲ್ಲನ ದೃಷ್ಟಿಗೆ ಬೀಳದಿದ್ದುದು ಈ ಅಂಗಳವೇ. ಅವನ ರಾಜ್ಯದಲ್ಲಿ ನೂರಕ್ಕೆ ೮೫ ಮಂದಿ ಶ್ರಮಜೀವಿಗಳು. ಹೊಸನುಡಿ ಪಕ್ಷದವರಿಗಲ್ಲದೆ ಅವರಿಗಲ್ಲ. ಹಾಗಿದ್ದೂ ಅವರ ನುಡಿಯ ಸಂಪತ್ತೇನೆಂದು ಅವನು ವಿಚಾರಿಸುವುದಿಲ್ಲ. ಬಟ್ಟೆ ಒಣಹಾಕುತ್ತ ಹಾಡುವ ಹೆಂಗಸಿನ ಚಿತ್ರವೇನೋ ಮನೋಹರವಾದುದು. ಆದರೆ ಅವಳು ಹಾಡುವುದು ಯಂತ್ರವು ಹೊಸೆದ ಹಾಡನ್ನು! ತಾಯಿಯಿಂದ ಕಲಿತ ಹಾಡೊಂದು ಅವಳಿಗೆ ಇರಬಹುದೆಂದು ಕಾದಂಬರಿಕಾರನಿಗೆ ತೋಚಲಿಲ್ಲ. ಬೀಸುವ ಕಲ್ಲಿನ ಮುಂದೆ ಕುಳಿತ ನಮ್ಮ ಹೆಣ್ಣುಮಕ್ಕಳನ್ನು ಅವನು ಕೇಳಿರಲಿಲ್ಲವಷ್ಟೆ.

ಗಿರೀಶ ಕಾರ್ನಾಡರ ‘ತುಘಲಕ್’ (೧೯೬೪) ನಾಟಕ ಈ ವಿಷಯದಲ್ಲಿ ಹೆಚ್ಚು ಆಳಕ್ಕೆ ಇಳಿಯುತ್ತದೆ. ಸುಲ್ತಾನನು ಪ್ರಾರ್ಥನೆಯನ್ನು ನಿಷೇಧಿಸುತ್ತಾನೆ. ವರ್ಷಗಳ ಮೇಲೆ ತಾನೇ ಮತ್ತೆ ಆರಂಭಿಸಹೊರಡುತ್ತಾನೆ. ಅಷ್ಟರಲ್ಲಿ ಹಸಿದ ಜನಕ್ಕೆ ಅದು ಬೇಡವಾಗಿದೆ. ಆಜ್ಞೆಯಿಂದ ಕಳೆದುದು ಆಜ್ಞೆಯಿಂದ ಮರಳದು ಎಂಬುದು ಆರ್ವೆಲ್ಲನ ಗ್ರಂಥದಲ್ಲಿ ಕಾಣದ ಸೂಕ್ಷ್ಮ.

ಈಗ ಸಂಗಾರೆಡ್ಡಿ, ವಿಕಾರಾಬಾದ್ ಜಿಲ್ಲೆಗಳಿಗೆ ಸೇರಿದ ಈ ಊರುಗಳಲ್ಲಿ ಕನ್ನಡ ಆಡಬೇಡಿರೆಂಬ ಆಜ್ಞೆ ಯಾರದೂ ಇಲ್ಲ. ಮಕ್ಕಳು ತೆಲುಗನ್ನು ಕಲಿಯುವುದನ್ನು ಹೊಸನುಡಿಗೆ ಹೋಲಿಸುವುದು ಅನ್ಯಾಯ. ಅದು ಕೂಡಿಸುವ ಕೆಲಸ, ಕಳೆಯುವುದಲ್ಲ. ಆದರೆ ಮನೆಯಲ್ಲಿ ಎರೆ, ಮಸಾರಿ, ಮಡ್ಡಿ ಎಂದು ಹೊಲಗಳನ್ನು ಬೇರೆ ಬೇರೆಯಾಗಿ ಬಲ್ಲ ಹುಡುಗ ಉತ್ತರಪತ್ರಿಕೆಯಲ್ಲಿ ಬರಿಯ ‘ಭೂಮಿ’ ಎಂದು ಬರೆದು ಬರುತ್ತಾನೆ. ಅವನ ಮನೆಮಾತನ್ನು ಅಶುದ್ಧವೆಂದು ಕೆಂಪು ಮಸಿಯಿಂದ ಹೊಡೆದು ಹಾಕುವ ಗುರು ತಿಳಿಯದೆಯೇ ಸೈಮನ ಮೇಜಿನ ಮುಂದೆ ಕುಳಿತಿರುತ್ತಾನೆ. ಅತ್ತ ಮನೆಯಲ್ಲಿ ಅಳುವ ಕೂಸಿಗೆ ತಾಯಿ ಜೋಗುಳಕ್ಕೆ ಬದಲಾಗಿ ಮೊಬೈಲನ್ನು ಕೊಡುತ್ತಾಳೆ. ಯಂತ್ರದ ಹಾಡು ನಿಜವಾಗಿಯೂ ಅಂಗಳಕ್ಕೆ ಬಂದಿದೆ. ಈ ಒಂದು ಅಂಶದಲ್ಲಿ ಆರ್ವೆಲ್ಲನ ಕೊರತೆಯೇ ಭವಿಷ್ಯವಾಣಿಯಾಯಿತು ಎನ್ನದೆ ವಿಧಿಯಿಲ್ಲ.

ಕಾದಂಬರಿಯ ಕೊನೆಯಲ್ಲಿ ಹೊಸನುಡಿಯ ವ್ಯಾಕರಣವನ್ನು ವಿವರಿಸುವ ಅನುಬಂಧವೊಂದಿದೆ. ಬಹುಮಂದಿ ಓದದೆ ಬಿಡುವ ಪುಟಗಳವು. ಮೇಲಿನ ತರಗತಿಯ ವಿದ್ಯಾರ್ಥಿಗಳು ಅದರ ಕ್ರಿಯಾಪದಗಳನ್ನು ಗಮನಿಸಬೇಕು. ಎಲ್ಲವೂ ಭೂತಕಾಲ; ಭಾಷೆ ತುಂಬಿದ ಹಳೆಯ ಇಂಗ್ಲಿಷು. ಹೊಸನುಡಿ ಗೆದ್ದಿದ್ದರೆ ಅದನ್ನು ಹಾಗೆ ಬರೆಯಲು ಬರುತ್ತಿರಲಿಲ್ಲ. ಬರೆದವನಾರು, ಆ ಶಬ್ದಗಳನ್ನು ಯಾರ ಬಾಯಿಂದ ಕಲಿತನು ಎಂಬುದನ್ನು ಮಾತ್ರ ಆರ್ವೆಲ್ ಹೇಳಿಲ್ಲ.