ಮಾಲ್ಗುಡಿಯ ರಾಗ, ಮಂಡ್ಯದ ಊರುಗಳು

ಕಿರುತೆರೆಯ ಧಾರಾವಾಹಿಗಳ ಸಂಗೀತವನ್ನು ಗಂಭೀರವಾಗಿ ವಿಮರ್ಶೆ ಮಾಡುವ ರೂಢಿ ನಮ್ಮಲ್ಲಿ ಬೆಳೆಯಲೇ ಇಲ್ಲ. ಸಿನಿಮಾ ಹಾಡಾದರೆ ಬಿಡುಗಡೆಯ ಸಮಾರಂಭ, ಪತ್ರಿಕೆಯಲ್ಲಿ ಅಂಕಣ, ಪ್ರಶಸ್ತಿ ಎಲ್ಲವೂ ಉಂಟು. ಧಾರಾವಾಹಿಯ ಸಂಗೀತ ಎಂದರೆ ಅಡುಗೆಮನೆಯಲ್ಲಿ ಇರುವವರನ್ನು ನಡುಮನೆಗೆ ಕರೆಯುವ ಗಂಟೆ ಅಷ್ಟೆ. ಗಂಟೆ ಹೊಡೆದವನ ಹೆಸರನ್ನು ಯಾರು ಕೇಳುತ್ತಾರೆ? ಆದರೆ ಇಂಥ ಒಂದು ಗಂಟೆ ಸುಮಾರು ನಾಲ್ಕು ದಶಕಗಳಿಂದ ನಮ್ಮ ಕಿವಿಯಲ್ಲಿ ಉಳಿದಿದೆ. 1986ರಲ್ಲಿ ದೂರದರ್ಶನದಲ್ಲಿ ಪ್ರಸಾರವಾದ, ಶಂಕರ್ ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಶೀರ್ಷಿಕೆ ಸಂಗೀತ ಅದು. ಆರ್.ಕೆ. ಲಕ್ಷ್ಮಣ್ ಅವರ ಗೆರೆಚಿತ್ರಗಳ ಜೊತೆ ತೇಲಿ ಬರುತ್ತಿದ್ದ ಆ ‘ತಾನನ’ ಗುನುಗು ಗೊತ್ತಿಲ್ಲದವರು ಕರ್ನಾಟಕದಲ್ಲಿ ಕಡಿಮೆ. ಅದನ್ನು ಕಟ್ಟಿದವರು ಎಲ್. ವೈದ್ಯನಾಥನ್ ಎಂದು ಗೊತ್ತಿರುವವರು ಅದಕ್ಕಿಂತಲೂ ಕಡಿಮೆ.

ಈ ರಾಗದ ಮೊದಲ ಸೋಜಿಗ ಭಾಷೆಯದು. ಕಥೆಗಳನ್ನು ಬರೆದವರು ಮದ್ರಾಸಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಬಾಳಿದ ಆರ್.ಕೆ. ನಾರಾಯಣ್. ಬರೆದ ಭಾಷೆ ಇಂಗ್ಲಿಷ್. ನಿರ್ದೇಶಕ ಕನ್ನಡಿಗ, ಚಿತ್ರೀಕರಣ ನಡೆದದ್ದು ಆಗುಂಬೆಯಲ್ಲಿ, ನಟಿಸಿದವರಲ್ಲಿ ಗಿರೀಶ್ ಕಾರ್ನಾಡ್, ವೈಶಾಲಿ ಕಾಸರವಳ್ಳಿ, ಮಾಸ್ಟರ್ ಮಂಜುನಾಥ್ ಹೀಗೆ ನಮ್ಮವರೇ ಹೆಚ್ಚು. ಆದರೆ ಮಾತು ಹಿಂದಿ. ಮದ್ದೂರು ಸೀಮೆಯ ಹಳ್ಳಿಗಳಲ್ಲಿ ಊರಿಗೊಂದೋ ಎರಡೋ ಟಿವಿ ಇದ್ದ ಕಾಲ ಅದು. ಜಗಲಿಯ ತುಂಬ ಕುಳಿತು ನೋಡುತ್ತಿದ್ದವರಲ್ಲಿ ಮುಕ್ಕಾಲು ಮಂದಿಗೆ ಹಿಂದಿ ಅರ್ಥವಾಗುತ್ತಿರಲಿಲ್ಲ. ಮನೆಯಲ್ಲಿ ದಖನಿ ಉರ್ದು ಆಡುವ ಸಾಬರ ಹುಡುಗರಿಗೆ ಆಗ ಸ್ವಲ್ಪ ಗತ್ತು ಬರುತ್ತಿತ್ತು. ಕಥೆಯನ್ನು ಬಿಡಿಸಿ ಹೇಳುವ ಕೆಲಸ ಅವರದು. ಹೇಳುವಾಗ ಒಂದಿಷ್ಟು ತಮ್ಮದನ್ನೂ ಸೇರಿಸುತ್ತಿದ್ದರು ಎನ್ನಿ. ಆದರೆ ಶೀರ್ಷಿಕೆ ಸಂಗೀತಕ್ಕೆ ಯಾವ ದುಭಾಷಿಯೂ ಬೇಕಿರಲಿಲ್ಲ. ಅದರಲ್ಲಿ ಪದವೇ ಇಲ್ಲ. 2020ರ ಲಾಕ್‌ಡೌನ್ ದಿನಗಳಲ್ಲಿ ಇದೇ ಧಾರಾವಾಹಿ ಕನ್ನಡಕ್ಕೆ ಡಬ್ ಆಗಿ ಜೀ ಕನ್ನಡದಲ್ಲಿ ಬಂದಾಗ ಎಲ್ಲ ಪಾತ್ರಗಳಿಗೂ ಹೊಸ ದನಿ ಬಂತು. ಭಾಷೆ ಬದಲಿಸುವ ಅಗತ್ಯವಿಲ್ಲದೆ ಹಾಗೇ ಉಳಿದದ್ದು ಈ ಗುನುಗು ಒಂದೇ. ಹಾಡು ಗೀಡು ಎಂದರೆ ಮುಖ ಸಿಂಡರಿಸುವ ಹಿರಿಯರು ಇರುವ ಮನೆಗಳಲ್ಲೂ ಇದರ ಮೇಲೆ ಆಕ್ಷೇಪ ಎದ್ದಂತಿಲ್ಲ. ಹಾಡೇ ಅಲ್ಲದ್ದನ್ನು ಹಾಡಬೇಡ ಎಂದು ಹೇಳುವುದು ಹೇಗೆ?

ವೈದ್ಯನಾಥನ್ ಪಿಟೀಲಿನ ಮನೆತನದವರು. ತಂದೆ ವಿ. ಲಕ್ಷ್ಮೀನಾರಾಯಣ ಅಯ್ಯರ್ ವಿದ್ವಾಂಸರು. ತಮ್ಮಂದಿರಾದ ಎಲ್. ಸುಬ್ರಮಣ್ಯಂ ಮತ್ತು ಎಲ್. ಶಂಕರ್ ಪಿಟೀಲನ್ನು ಜಗತ್ತಿನ ವೇದಿಕೆಗಳಿಗೆ ಕೊಂಡೊಯ್ದವರು. ಅಣ್ಣ ಮಾತ್ರ ಚಿತ್ರರಂಗದಲ್ಲಿ ಉಳಿದರು. ನಮ್ಮ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ದುಡಿದರು. 1978ರಲ್ಲಿ ಕಾಶಿನಾಥ್ ನಿರ್ದೇಶಿಸಿದ ‘ಅಪರಿಚಿತ’ ಚಿತ್ರದಲ್ಲಿ ವಾಣಿ ಜಯರಾಂ ಹಾಡಿದ, ನೆನಪುಗಳ ಬಗೆಗಿನ ಆ ಪ್ರಸಿದ್ಧ ಗೀತೆ ಇವರದೇ ರಾಗ. 1987ರ ‘ಪುಷ್ಪಕ ವಿಮಾನ’ದಲ್ಲಿ ಮಾತೇ ಇಲ್ಲ, ಅದರ ಸಂಗೀತವೂ ಇವರದು. ಮಾತಿಲ್ಲದ ಜಾಗದಲ್ಲಿ ಏನು ಮಾಡಬೇಕು ಎಂಬುದು ಈ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು. ವಿದ್ವತ್ತು ಇದ್ದವರಿಗೆ ಅದನ್ನು ತೋರಿಸದೆ ಇರುವುದು ಕಷ್ಟ. ಮಾಲ್ಗುಡಿಯ ರಾಗದಲ್ಲಿ ವಿದ್ವತ್ತಿನ ಸದ್ದೇ ಇಲ್ಲ. ನಡೆದು ಹೋಗುವವನ ಹೆಜ್ಜೆಯ ಲಯ, ಕೆಲಸ ಮಾಡುತ್ತ ತನ್ನಷ್ಟಕ್ಕೆ ಗುನುಗುವವನ ದನಿ, ಸ್ವಲ್ಪ ಮೇಲೇರಿ ಮತ್ತೆ ಹೊರಟ ಜಾಗಕ್ಕೆ ಬಂದು ನಿಲ್ಲುವ ಸಣ್ಣ ಸುತ್ತು. ಸಂಗೀತ ಕಲಿಯದವನೂ ಎರಡನೆಯ ಸಲ ಕೇಳಿದಾಗ ಜೊತೆಗೂಡಬಹುದು. ಮಕ್ಕಳಿಗಂತೂ ಮೊದಲನೆಯ ಸಲಕ್ಕೇ ಬಂದುಬಿಡುತ್ತದೆ. ಊರು ಎಲ್ಲಿದೆ ಎಂದು ಹೇಳದೆಯೇ ಇದು ಒಂದು ಊರು ಎಂದು ನಂಬಿಸುತ್ತದೆ.

ನನ್ನ ತಕರಾರು ಇರುವುದೂ ಇಲ್ಲಿಯೇ. ರಾಗ ಬಹಳ ಒಳ್ಳೆಯದು, ಆದರೆ ಅದು ಪ್ರತಿ ಕಥೆಗೂ ಮುಂಚೆಯೇ ಒಂದು ತೀರ್ಪು ಕೊಟ್ಟುಬಿಡುತ್ತದೆ. ಇದು ಮುಗ್ಧರ ಊರು, ಇಲ್ಲಿ ಕೆಟ್ಟದ್ದು ಏನೂ ಆಗುವುದಿಲ್ಲ, ಆದರೂ ಸಂಜೆಯೊಳಗೆ ಸರಿಹೋಗುತ್ತದೆ ಎಂದು. ನಾರಾಯಣ್ ಬರೆದದ್ದು ಇಂಥ ಊರಿನ ಬಗ್ಗೆ ಅಲ್ಲ.

‘ಲೀಲಾಳ ಗೆಳೆಯ’ ಕಥೆಯನ್ನೇ ತೆಗೆದುಕೊಳ್ಳಿ, ಧಾರಾವಾಹಿಯಲ್ಲಿ ಅದೂ ಒಂದು ಕಂತು. ಸಿದ್ದ ಎಂಬ ಕೆಲಸದವನು ಶಿವಶಂಕರ್ ಎಂಬವರ ಮನೆಗೆ ಕೆಲಸ ಕೇಳಿ ಬರುತ್ತಾನೆ. ಆ ಮನೆಯ ಐದು ವರ್ಷದ ಲೀಲಾಗೆ ಅವನೇ ಜೀವದ ಗೆಳೆಯ. ಆಕಾಶಕ್ಕೆ ಚೆಂಡು ಎಸೆದು ಅದು ಚಂದ್ರನನ್ನು ಮುಟ್ಟಿ ಬಂತು ಎನ್ನುತ್ತಾನೆ. ಲೀಲಾ ಅವನಿಗೆ ಅಕ್ಷರ ಕಲಿಸಲು ಹೊರಡುತ್ತಾಳೆ. ಒಂದು ದಿನ ಮಗುವಿನ ಕೊರಳಿನ ಚಿನ್ನದ ಸರ ಕಾಣುವುದಿಲ್ಲ. ಸಿದ್ದನೂ ಕಾಣುವುದಿಲ್ಲ. ಪೊಲೀಸರು ಬರುತ್ತಾರೆ. ಇವನು ಹಿಂದೆಯೂ ಜೈಲಿಗೆ ಹೋಗಿ ಬಂದವನು ಎನ್ನುತ್ತಾರೆ. ಅಲ್ಲಿಗೆ ವಿಚಾರಣೆ ಮುಗಿಯಿತು. ಮಗು ಅತ್ತರೂ ಕರೆದರೂ ಅವನನ್ನು ಎಳೆದೊಯ್ಯುತ್ತಾರೆ. ಕೆಲವು ದಿನಗಳ ಮೇಲೆ ತಾಯಿ ಹುಣಸೆಹಣ್ಣಿನ ಮಡಕೆಗೆ ಕೈ ಹಾಕಿದರೆ ಸರ ಅಲ್ಲಿದೆ. ಮಗುವೇ ಹಾಕಿ ಮರೆತದ್ದು. ಅದು ಗೊತ್ತಾದ ಮೇಲೆ ಯಜಮಾನರು ಏನು ಹೇಳುತ್ತಾರೆ? ಅಂಥ ಅಪರಾಧಿಯನ್ನು ಹೇಗೂ ಮನೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿರಲಿಲ್ಲ ಎನ್ನುತ್ತಾರೆ. ಕಥೆ ಅಲ್ಲಿಗೆ ಮುಗಿಯುತ್ತದೆ.

ಸರ ಸಿಕ್ಕಿದೆ, ತಪ್ಪು ಇಲ್ಲ ಎಂದು ಸಾಬೀತಾಗಿದೆ, ಆದರೂ ಸಂಶಯಕ್ಕೆ ಬಿಡುಗಡೆ ಇಲ್ಲ. ಇದಕ್ಕಿಂತ ನಿರ್ದಯವಾದ ಕೊನೆಯನ್ನು ನಾನು ಸಣ್ಣಕಥೆಗಳಲ್ಲಿ ಹೆಚ್ಚು ಓದಿಲ್ಲ. ಇಂಥ ಸಂಶಯ ಯಾರ ಯಾರ ಮನೆಯ ಬಾಗಿಲು ತಟ್ಟಿದೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಒಮ್ಮೆ ಹೆಸರು ದಾಖಲೆಗೆ ಸೇರಿದರೆ ನ್ಯಾಯಾಲಯ ಬಿಟ್ಟರೂ ಬೀದಿ ಬಿಡುವುದಿಲ್ಲ. ಕೆಲಸದವರ, ಬಡವರ, ಹಿಂದೆ ಒಮ್ಮೆ ಸಿಕ್ಕಿಬಿದ್ದವರ ಪಾಡೂ ಅದೇ. ನಾರಾಯಣ್ ಇದನ್ನು ಕೂಗಿ ಹೇಳಲಿಲ್ಲ, ಹುಣಸೆಹಣ್ಣಿನ ಮಡಕೆಯಲ್ಲಿಟ್ಟು ಹೋದರು. ಇಂಥ ಕಥೆಗೆ ಬಾಗಿಲು ತೆರೆಯುವುದು ಆ ಹಗುರ ಹೆಜ್ಜೆಯ ‘ತಾನನ’. ಅದನ್ನು ಕೇಳಿಸಿಕೊಂಡು ನಗುಮುಖದಿಂದ ಒಳಗೆ ಹೋದ ಪ್ರೇಕ್ಷಕ ಸಿದ್ದನನ್ನು ಮರೆತು, ಚೆಂಡು ಮತ್ತು ಚಂದ್ರನನ್ನು ಮಾತ್ರ ನೆನಪಿಟ್ಟುಕೊಂಡು ಹೊರಬರುತ್ತಾನೆ. ‘ನಲವತ್ತೈದು ರೂಪಾಯಿ ಸಂಬಳ’ದ ವೆಂಕಟರಾಯನಿಗೂ ಆಗುವುದು ಇದೇ. ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುತ್ತೇನೆಂದು ಮಾತು ಕೊಟ್ಟವನು, ರಾಜೀನಾಮೆ ಬರೆದು, ಸಂಬಳ ಹೆಚ್ಚಿದೆ ಎಂದಾಗ ಅದನ್ನು ವಾಪಸು ಪಡೆದು, ರಾತ್ರಿ ಮನೆಗೆ ಬಂದರೆ ಮಗು ಅಲಂಕಾರ ಮಾಡಿಕೊಂಡೇ ನಿದ್ದೆ ಹೋಗಿದೆ. ಇದೂ ನಮಗೆ ‘ಆ ಕಾಲ ಎಷ್ಟು ಚೆಂದ’ ಎಂಬ ಪಟ್ಟಿಗೆ ಸೇರಿಬಿಟ್ಟಿದೆ.

ಇದಕ್ಕೆ ವೈದ್ಯನಾಥನ್ ಒಬ್ಬರನ್ನೇ ಹೊಣೆ ಮಾಡುವುದು ಸರಿಯಲ್ಲ. ವಾರಕ್ಕೊಂದು ಕಥೆ, ಪ್ರತಿ ಸಲ ಬೇರೆ ಪಾತ್ರ, ಬೇರೆ ಮನೆ. ಇವನ್ನೆಲ್ಲ ಹೊಲಿಯಲು ಒಂದೇ ದಾರ ಬೇಕಿತ್ತು, ಅವರು ಕೊಟ್ಟರು. ಅದನ್ನು ರಿಂಗ್‌ಟೋನು ಮಾಡಿಕೊಂಡವರು, ಹಳ್ಳಿಯ ವೀಡಿಯೊಗಳಿಗೆಲ್ಲ ಅಂಟಿಸಿದವರು, ಹಳೆಯದೆಲ್ಲ ಸಿಹಿ ಎಂದು ನಂಬಲು ಇಷ್ಟಪಡುವವರು ನಾವು.

ಶಿವಪುರದಲ್ಲಿ ಕುಳಿತು ಇದನ್ನು ಬರೆಯುವಾಗ ‘ಸ್ವಾಮಿ ಅಂಡ್ ಫ್ರೆಂಡ್ಸ್’ ನೆನಪಾಗದೆ ಇರುವುದಿಲ್ಲ. 1935ರಲ್ಲಿ ಪ್ರಕಟವಾದ ಆ ಕಾದಂಬರಿಯಲ್ಲಿ, 1930ರ ಆಗಸ್ಟಿನ ಒಂದು ಸಂಜೆ, ಹುಡುಗ ಸ್ವಾಮಿ ವಿದೇಶಿ ಬಟ್ಟೆಯ ಬೆಂಕಿಗೆ ತನ್ನ ಟೋಪಿಯನ್ನು ಎಸೆಯುತ್ತಾನೆ, ಮರುದಿನ ಶಾಲೆಯ ಕಿಟಕಿ ಗಾಜು ಒಡೆಯುತ್ತಾನೆ. ಟೋಪಿ ಖಾದಿಯದೇ ಆಗಿತ್ತು ಎಂದು ಅಪ್ಪನಿಂದ ಆಮೇಲೆ ತಿಳಿಯುತ್ತದೆ. ನಗು ಬರುತ್ತದೆ. ಮಾಲ್ಗುಡಿ ನೇರವಾಗಿ ಬ್ರಿಟಿಷರ ಆಳ್ವಿಕೆಯ ಊರು. ನಮ್ಮದು ಮಹಾರಾಜರ ಸಂಸ್ಥಾನ, ಇಲ್ಲಿನ ಲೆಕ್ಕಾಚಾರವೇ ಬೇರೆ ಇತ್ತು. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಇದೇ ಶಿವಪುರದಲ್ಲಿ ಸೇರಿ, ಟಿ. ಸಿದ್ದಲಿಂಗಯ್ಯನವರ ನೇತೃತ್ವದಲ್ಲಿ, ನಿಷೇಧವನ್ನು ಧಿಕ್ಕರಿಸಿ ಧ್ವಜ ಹಾರಿಸಿತು, ಜೈಲು ಸೇರಿತು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗೋಲಿಬಾರು ನಡೆದು ಜನ ಸತ್ತರು. ಶಿವಪುರಕ್ಕೆ ಈಗ ಒಂದು ಸತ್ಯಾಗ್ರಹ ಸೌಧ ಇದೆ. ಗುನುಗಲು ಒಂದು ರಾಗ ಇಲ್ಲ. ಹೆದ್ದಾರಿಯಲ್ಲಿ ಹೋಗುವ ಮಕ್ಕಳಿಗೆ ಸ್ವಾಮಿಯ ಸುಟ್ಟ ಟೋಪಿ ಗೊತ್ತು, ಬದಿಯಲ್ಲೇ ಇರುವ ಈ ಸೌಧದಲ್ಲಿ ಏನಾಯಿತು ಎಂದು ಗೊತ್ತಿಲ್ಲ. ಕಟ್ಟಡಕ್ಕೆ ಆಗದ ಕೆಲಸವನ್ನು ಅರ್ಧ ನಿಮಿಷದ ರಾಗ ಮಾಡಬಲ್ಲದು ಎಂಬುದಕ್ಕೆ ಬೇರೆ ಪುರಾವೆ ಬೇಕೆ?

ನಮ್ಮ ಜಿಲ್ಲೆಯ ಇನ್ನೊಂದು ಊರಿಗೆ ದೂರದರ್ಶನ ಸಂಗೀತವನ್ನೂ ಕೊಟ್ಟಿತು, ದೊಡ್ಡವರ ಕೈಯಿಂದಲೇ ಕೊಟ್ಟಿತು. ಶ್ರೀರಂಗಪಟ್ಟಣದ ಟಿಪ್ಪುವಿನ ಕಥೆಯಾದ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಗೆ ಸಂಗೀತ ನೌಷಾದರದು. ‘ಬೈಜು ಬಾವ್ರಾ’, ‘ಮೊಘಲ್-ಎ-ಆಜಂ’ಗಳ ನೌಷಾದ್. ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 1989ರ ಫೆಬ್ರವರಿಯಲ್ಲಿ ಆ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿದ್ದು ಅರವತ್ತಕ್ಕೂ ಹೆಚ್ಚು ಜನ ಸತ್ತರು, ನಿರ್ದೇಶಕ ಸಂಜಯ್ ಖಾನ್ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದರು. ಇಷ್ಟೆಲ್ಲ ಆಗಿ 1990ರಲ್ಲಿ ಪ್ರಸಾರಕ್ಕೆ ಬಂದಾಗ ಅದರ ಮುಂದೆ ಒಂದು ಫಲಕ ಬಂತು: ಇದು ಭಗವಾನ್ ಗಿದ್ವಾನಿಯವರ ಕಾದಂಬರಿಯನ್ನು ಆಧರಿಸಿದ ಕಲ್ಪಿತ ಕಥೆ ಎಂದು. ಯೋಚಿಸಿ ನೋಡಿ. ಎಲ್ಲಿಯೂ ಇಲ್ಲದ ಮಾಲ್ಗುಡಿಗೆ ಯಾವ ಫಲಕವೂ ಬೇಕಾಗಲಿಲ್ಲ, ಒಂದು ಗುನುಗು ಸಾಕಾಯಿತು, ಜನ ಆಗುಂಬೆಯಲ್ಲಿ ಸ್ವಾಮಿಯ ಮನೆ ಹುಡುಕಿದರು. ಕೋಟೆ, ಗೋರಿ, ಮಸೀದಿ, ದೇವಸ್ಥಾನ ಎಲ್ಲವೂ ಕಣ್ಣೆದುರು ಇರುವ ಶ್ರೀರಂಗಪಟ್ಟಣಕ್ಕೆ ಮಾತ್ರ ‘ಇದು ಕಲ್ಪನೆ’ ಎಂಬ ಹಣೆಪಟ್ಟಿ. ಕಾದಂಬರಿ ಎಂದು ಹೇಳುವುದರಲ್ಲಿ ತಪ್ಪಿಲ್ಲ, ಅದು ಕಾದಂಬರಿಯೇ. ಆದರೆ ಯಾವ ಕಥೆಗೆ ಇಂಥ ಎಚ್ಚರಿಕೆ ಬೇಕು ಎನಿಸುತ್ತದೆ, ಯಾವುದಕ್ಕೆ ಎನಿಸುವುದಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಸಂಗೀತದ ಮಟ್ಟಿಗೆ ಹೇಳುವುದಾದರೆ, ನೌಷಾದರ ಕೆಲಸ ದರ್ಬಾರಿನದು. ಅದು ಕೇಳುವವನನ್ನು ಎದ್ದು ನಿಲ್ಲಿಸುತ್ತದೆ, ಜೊತೆಗೆ ಹಾಡು ಎನ್ನುವುದಿಲ್ಲ. ಟಿಪ್ಪುವನ್ನು ಕುರಿತು ನಮ್ಮ ಕಡೆಯ ಲಾವಣಿಕಾರರು ಹಾಡುತ್ತಿದ್ದುದು ಹಾಗಲ್ಲ. ಅವರಿಗೆ ಅವನು ಸುಲ್ತಾನನೂ ಹೌದು, ಸತ್ತ ಮನೆಮಗನೂ ಹೌದು. ಮುಂಬಯಿಯ ವಾದ್ಯವೃಂದದಲ್ಲಿ ಲಾವಣಿಯ ಆ ಗಂಟಲಿಗೆ ಜಾಗ ಇರಲಿಲ್ಲ. ಮನೆಯ ದನಿಯೊಂದು ಟಿಪ್ಪುವಿಗೂ ಸಿಕ್ಕಿದ್ದರೆ ಆಮೇಲಿನ ವಾದವಿವಾದಗಳು ಕಡಿಮೆ ಆಗುತ್ತಿದ್ದವು ಎಂಬ ಭ್ರಮೆ ನನಗಿಲ್ಲ. ಕೇಳಲು ಮಾತ್ರ ಬೇರೆ ರೀತಿ ಇರುತ್ತಿತ್ತು.

ಕನ್ನಡದ ಧಾರಾವಾಹಿಗಳು ಆಮೇಲೆ ಹಿಡಿದದ್ದು ಪದಗಳ ದಾರಿ. ಎಚ್.ಎಸ್. ವೆಂಕಟೇಶಮೂರ್ತಿಯವರಂಥ ಕವಿಗಳು ಟಿ.ಎನ್. ಸೀತಾರಾಂ ಅವರ ‘ಮುಕ್ತ’ದಂಥ ಧಾರಾವಾಹಿಗಳಿಗೆ ಶೀರ್ಷಿಕೆ ಗೀತೆ ಬರೆದರು, ಭಾವಗೀತೆ ಸಂಜೆಯ ಟಿವಿಗೆ ಬಂತು. ಅದು ಒಳ್ಳೆಯ ಕಾಲವೇ. ಈಚಿನ ಮೆಗಾ ಧಾರಾವಾಹಿಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಅತ್ತೆ ತಿರುಗಿ ನೋಡಿದರೆ ಮೂರು ಸಲ ಸಿಡಿಲು ಹೊಡೆಯುತ್ತದೆ, ಅಷ್ಟೆ.

ವೈದ್ಯನಾಥನ್ 2007ರ ಮೇ ತಿಂಗಳಲ್ಲಿ ತೀರಿಕೊಂಡರು. ಶಂಕರ್ ನಾಗ್ ಅವರನ್ನು 1990ರಲ್ಲಿ ರಸ್ತೆ ಅಪಘಾತದಲ್ಲಿ ಕಳೆದುಕೊಂಡ ನಾಡು ಇಂದಿಗೂ ಆಟೋಗಳ ಹಿಂದೆ ಅವರ ಚಿತ್ರ ಇಟ್ಟುಕೊಂಡಿದೆ. ಧಾರಾವಾಹಿಯಲ್ಲಿ ಮಾಲ್ಗುಡಿಯ ನಿಲ್ದಾಣವಾಗಿದ್ದ ಅರಸಾಳು 2020ರಲ್ಲಿ ವಸ್ತುಸಂಗ್ರಹಾಲಯವಾಯಿತು. ಮದ್ದೂರಿನ ಮೇಲೆ ಹಾದುಹೋಗುವ ಮೈಸೂರು ಮಾರ್ಗದ ಒಂದು ರೈಲಿಗೂ ಮಾಲ್ಗುಡಿ ಎಂದು ಹೆಸರಿಟ್ಟರು. ಹೆಸರು, ಮುಖ, ನಿಲ್ದಾಣ ಎಲ್ಲಕ್ಕೂ ನೆನಪಿನ ಗುರುತು ಸಿಕ್ಕಿದೆ. ರಾಗ ಕಟ್ಟಿದವರು ಯಾರು ಎಂದು ಮಾತ್ರ ಇನ್ನೂ ಕೇಳಿ ತಿಳಿಯಬೇಕಾಗಿದೆ.

ಹಳೆಯ ಕಂತುಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ. ರಾಗಕ್ಕಾಗಿ ಒಮ್ಮೆ ಕಣ್ಣು ಮುಚ್ಚಿ ಕೇಳಿ, ವೈದ್ಯನಾಥನ್ ಅದಕ್ಕೆ ಯೋಗ್ಯರು. ಆಮೇಲೆ ‘ಲೀಲಾಳ ಗೆಳೆಯ’ ಕಂತನ್ನು ಶೀರ್ಷಿಕೆ ಸಂಗೀತ ದಾಟಿಸಿ, ಸಿದ್ದ ಗೇಟಿನ ಬಳಿ ಬಂದು ನಿಲ್ಲುವಲ್ಲಿಂದ ನೋಡಲು ಶುರುಮಾಡಿ.